ಬೆವರು ಬರುವ ತನಕ

ಒಂಬತ್ತೂವರೆ ಮೇಸ್ತ್ರಿ ಎಂದರೆ ಬೆಳಿಗ್ಗೆ ಒಂಬತ್ತೂವರೆಗೆ ಕೆಲಸಕ್ಕೆ ಬರುವವನು ಎಂದು ತಿಳಿದು ಮೋಸಹೋದವರು ಊರಲ್ಲಿ ಬೇಕಾದಷ್ಟಿದ್ದಾರೆ. ಅವನು ಬರುವುದು ಹತ್ತೂವರೆಗೆ. ಒಂಬತ್ತೂವರೆ ಅವನ ಬೆರಳುಗಳ ಲೆಕ್ಕ. ಎಡಗೈಯ ತೋರುಬೆರಳು ಅರ್ಧಕ್ಕೇ ನಿಂತಿದೆ. ಮದುವೆಯಾದ ಹೊಸತರಲ್ಲಿ, ಮೂರು ಜನ ಸೇರಿ ಎತ್ತುವ ಮೆಟ್ಟಿಲುಗಲ್ಲನ್ನು ಒಬ್ಬನೇ ಎತ್ತಿ ತೋರಿಸುತ್ತೇನೆಂದು ಹೆಂಡತಿಯನ್ನು ಎದುರಿಗೆ ನಿಲ್ಲಿಸಿಕೊಂಡು ಎತ್ತಿದ. ಎತ್ತಿದ್ದು ನಿಜ. ಇಳಿಸುವ ಬಗ್ಗೆ ಯೋಚಿಸಿರಲಿಲ್ಲ. "ಎಲ್ಲರೂ ಹೆಂಡತಿ ಬೆರಳಿಗೆ ಉಂಗುರ ಹಾಕ್ತಾರೆ, ನಾನು ಬೆರಳನ್ನೇ ಕೊಟ್ಟೆ" ಎಂದು ಅವನೇ ಹೇಳಿಕೊಂಡು ನಗುತ್ತಾನೆ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವನು ಬದುಕಿನಲ್ಲಿ ಚೆನ್ನಾಗಿ ಕಲಿತ ಒಂದೇ ಕಸುಬು.

ಈಗ ಅವನಿಗೆ ಅರವತ್ತೆರಡು. ಎರಡು ವರ್ಷದಿಂದ ಹೇಳಿಕೊಳ್ಳುವಂಥ ಕೆಲಸ ಇರಲಿಲ್ಲ. ಅಲ್ಲೊಂದು ಬಚ್ಚಲಿಗೆ ಟೈಲ್ಸ್, ಇಲ್ಲೊಂದು ಸೋರುವ ತೊಟ್ಟಿ. ಹೀಗಿರುವಾಗ ಒಂದು ಸಂಜೆ ಬಾಗಿಲಲ್ಲಿ ಒಬ್ಬಳು ಎಂಜಿನಿಯರ್ ಬಂದು ನಿಂತಳು. ಮೂವತ್ತರ ಒಳಗಿನ ವಯಸ್ಸು, ತಲೆಗೆ ಹಳದಿ ಟೋಪಿ, ಕಾಲಿಗೆ ಗಂಡಸರ ಬೂಟು, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ.

"ಸುಣ್ಣದ ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿ ಈ ಕಡೆ ನೀವೊಬ್ರೇ ಅಂತೆ" ಎಂದಳು. "ನಿಮ್ಮ ಮಾವನವರ ಕೈಕೆಳಗೆ ಕಲಿತೋರಂತೆ. ಹೌದಾ?"

ಸುಣ್ಣದ ಗಾರೆ ಎಂದರೆ ಸಿಮೆಂಟಿಗಿಂತ ಹಿಂದಿನ ಕಾಲದ ಕೆಲಸ. ಸುಣ್ಣ, ಮರಳು, ನೀರು, ಮತ್ತು ನಮ್ಮ ಮೇಸ್ತ್ರಿಯ ಹತ್ತಿರ ಎಂದೂ ಇಲ್ಲದಿದ್ದ ತಾಳ್ಮೆ. ಅವನು ಸುಣ್ಣ ಮುಟ್ಟಿ ಮೂವತ್ತನಾಲ್ಕು ವರ್ಷವಾಗಿತ್ತು, ಮುಟ್ಟಿದಾಗಲೂ ಕೆಡಿಸಿದ್ದ. ಆದರೆ ಅವನ ಬಾಯಿ ಯಾವಾಗಲೂ ಕೈಗಿಂತ ಎರಡು ಹೆಜ್ಜೆ ಮುಂದೆ.

"ಹೌದು ಮೇಡಂ. ಅದೇ ನಮ್ಮ ಮನೆತನದ ವಿದ್ಯೆ" ಎಂದುಬಿಟ್ಟ.

ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಸದ್ದು ಟಪಕ್ಕನೆ ನಿಂತಿತು. ಆ ವಿದ್ಯೆ ಯಾರ ಮನೆತನದ್ದೆಂದು ಅಲ್ಲಿದ್ದವಳಿಗೆ ಗೊತ್ತಿತ್ತು.

"ಯಾವ ಮನೆ ಮೇಡಂ?"

"ಕಡಲ ದಂಡೆ ಮೇಲಿರೋ ದೊಡ್ಡ ಮನೆ."

ಭೂಮಿಯ ಮೇಲೆ ಅಷ್ಟು ಮನೆಗಳಿವೆ, ಅದೇ ಆಗಬೇಕಿತ್ತೇ ಎಂದುಕೊಂಡ ಮೇಸ್ತ್ರಿ.

ಆ ಮನೆಯನ್ನು ನೂರೈವತ್ತು ವರ್ಷದ ಹಿಂದೆ ಕಟ್ಟಿಸಿದವನು ಒಬ್ಬ ಹಡಗಿನ ಸಾಹುಕಾರ. ಹನ್ನೊಂದು ಹಡಗಿನ ಒಡೆಯ, ಹಡಗು ಹತ್ತಿದರೆ ಮಾತ್ರ ವಾಂತಿ. ಹಾಗಾಗಿ ಗಟ್ಟಿ ನೆಲದ ಮೇಲೆ ಕುಳಿತೇ ತನ್ನ ಹಡಗುಗಳನ್ನು ನೋಡಲೆಂದು ಕಡಲಿಗೆ ಎದುರಾಗಿ ಉದ್ದದ ಹಜಾರ ಕಟ್ಟಿಸಿದ. ಆಳೆತ್ತರದ ಹದಿನಾಲ್ಕು ಕಿಟಕಿ. ಗೋಡೆಗೆ ಎಂಥ ಗಾರೆ ಎಂದರೆ, ಮನೆಯ ಹೆಂಗಸರು ಅದರಲ್ಲೇ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರಂತೆ. ಸಾಹುಕಾರನ ಹಡಗುಗಳು ತಾವೇ ಮುಳುಗಿದವೋ ಮಕ್ಕಳು ಮುಳುಗಿಸಿದರೋ, ಈ ಬಗ್ಗೆ ಊರಲ್ಲಿ ಎರಡು ಅಭಿಪ್ರಾಯವಿದೆ. ಮನೆ ಮಾತ್ರ ಉಳಿಯಿತು. ಆಮೇಲೆ ಶಾಲೆಯಾಯಿತು, ಗೋದಾಮಾಯಿತು, ಕೊನೆಗೆ ಜಮೀನು ಪತ್ರಗಳ ನೋಂದಣಿ ಕಚೇರಿಯಾಯಿತು. ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆ ಹನ್ನೆರಡು ವರ್ಷ ಪಾರಿವಾಳಗಳ ಕೈಗೆ ಸಿಕ್ಕಿತ್ತು. ಈಗ ಒಂದು ಟ್ರಸ್ಟಿನವರು ಅದನ್ನು ಉಳಿಸಲು ಹೊರಟಿದ್ದರು.

ಮರುದಿನ ಎಂಜಿನಿಯರಮ್ಮ ಅವನನ್ನು ಹಜಾರಕ್ಕೆ ಕರೆದುಕೊಂಡು ಹೋದಳು. ಕಡಲ ಕಡೆಯ ಗೋಡೆ ತೋರಿಸಿದಳು. ಬಣ್ಣ ಕಿತ್ತು, ಸಿಮೆಂಟು ಉಬ್ಬಿ, ಬಿರುಕಿನಲ್ಲೆಲ್ಲ ಬಿಳಿ ಉಪ್ಪು ಹೂವಿನಂತೆ ಅರಳಿತ್ತು. ಅವಳು ಬೆರಳ ಗೆಣ್ಣಿನಿಂದ ಬಡಿದಳು. ಖಾಲಿ ಡಬ್ಬದ ಸದ್ದು.

"ನೋಡಿ ಮೇಸ್ತ್ರಿ, ಸುಣ್ಣದ ಗೋಡೆ ಉಸಿರಾಡುತ್ತೆ. ಕಡಲ ತೇವ ಒಳಗೆ ಬಂದ್ರೂ ಹಾಗೇ ಹೊರಗೆ ಹೋಗುತ್ತೆ. ಯಾರೋ ಪುಣ್ಯಾತ್ಮ ಅದರ ಮೂಗು ಬಾಯಿ ಎರಡೂ ಮುಚ್ಚಿ ಸಿಮೆಂಟು ಬಡಿದಿದ್ದಾನೆ. ತೇವ ಒಳಗೇ ಉಳೀತು, ಉಪ್ಪು ಒಳಗೇ ಉಳೀತು. ಈಗ ಒಳಗಿನ ಕಲ್ಲೇ ಹಿಟ್ಟಾಗ್ತಿದೆ."

ಪುಣ್ಯಾತ್ಮನ ಎಡಗೈ ತಾನಾಗಿಯೇ ಜೇಬು ಸೇರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನದು ಹೆಗಲಲ್ಲ, ಬೆರಳು, ಅಷ್ಟೇ ವ್ಯತ್ಯಾಸ. ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇಲ್ಲವಲ್ಲ!

"ಥೂ ಥೂ, ಎಂಥ ಮುಠ್ಠಾಳ ಇರಬೇಕು ಮೇಡಂ! ತಲೇಲಿ ಮೆದುಳಿತ್ತೋ ಮರಳಿತ್ತೋ! ಇಂಥವರ ಕೈ ಕಡೀಬೇಕು!"

"ಪಾಪ, ಇಡೀ ಕೈ ಯಾಕೆ ಮೇಸ್ತ್ರಿ?"

"ಅರ್ಧ ಬೆರಳಾದ್ರೂ ಕಡೀಬೇಕು" ಎಂದ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಲೆಕ್ಕವಿಷ್ಟೇ ಎಂದು ವಿವರಿಸಿದಳು. ಎರಡು ತಿಂಗಳಲ್ಲಿ ಟ್ರಸ್ಟಿನ ಹಿರಿಯರು ನೋಡಲು ಬರುತ್ತಾರೆ. ಅಷ್ಟರಲ್ಲಿ ಇದೇ ಗೋಡೆಯ ಒಂದು ಭಾಗಕ್ಕೆ ಸುಣ್ಣದ ಗಾರೆ ಹಾಕಿ, ಅದು ನಿಲ್ಲುತ್ತದೆಂದು ತೋರಿಸಬೇಕು. ನಿಂತರೆ ಹಜಾರ ಉಳಿಯುತ್ತದೆ. ನಿಲ್ಲದಿದ್ದರೆ ಹಜಾರ ಕೆಡವಿ ಕಾಂಕ್ರೀಟಿನಲ್ಲಿ ಹೊಸದು. "ಎಲ್ಲಾ ನಿಮ್ಮ ಕೈಲಿದೆ ಮೇಸ್ತ್ರಿ" ಎಂದಳು. ಅವನು ಜೇಬಿನೊಳಗೇ ಆ ಕೈಯನ್ನು ಬಿಗಿಯಾಗಿ ಮುಚ್ಚಿಕೊಂಡ.

ಈಗ ಆ ಸಿಮೆಂಟಿನ ಕಥೆ ಹೇಳಲೇಬೇಕು.

ಅವನ ಮಾವ ಸುಣ್ಣದ ಕೆಲಸದಲ್ಲಿ ಹೆಸರಾದ ಮನುಷ್ಯ. ಬಿಳಿ ಹುಬ್ಬು, ಬಿಳಿ ರೆಪ್ಪೆ, ದಿನಕ್ಕೆ ಹತ್ತು ಮಾತು. ಸುಣ್ಣವನ್ನು ಗುಂಡಿಯಲ್ಲಿ ನೀರಿಗೆ ಹಾಕಿ ತಿಂಗಳುಗಟ್ಟಲೆ ಕಾಯುತ್ತಿದ್ದ. ಅಳಿಯನಿಗೆ ಒಂದು ದಿನ ಕಾಯುವುದೇ ಒಂದು ಶಿಕ್ಷೆ. ಮದುವೆಯಾಗಿ ಮೂರನೇ ವರ್ಷಕ್ಕೆ ಮಾವ ಇದೇ ದೊಡ್ಡ ಮನೆಯ ಮೆಟ್ಟಿಲ ಪಕ್ಕದ ಗೋಡೆಯನ್ನು ಅವನಿಗೆ ಬಿಟ್ಟುಕೊಟ್ಟ. ಕೊನೆಯ ತೆಳುವಾದ ಸುಣ್ಣದ ಪದರ ಹಚ್ಚಿದ ಮೇಲೆ, ಅಂಗೈಯಗಲದ ಒಂದು ನುಣುಪು ಕರಿಕಲ್ಲು ಕೈಗಿತ್ತು ಹೇಳಿದ್ದು ಒಂದೇ ಮಾತು:

"ಬೆವರು ಬರೋ ತನಕ ತಿಕ್ಕಿ, ಅಳಿಯಂದ್ರೇ."

ಇಷ್ಟು ಹೇಳಿ ಊಟಕ್ಕೆ ಹೋದ. ಅಳಿಯ ತಿಕ್ಕಿದ. ಅವನೋ, ಚಪ್ಪಲಿಯ ಪಟ್ಟಿ ಬಿಗಿದರೂ ಬೆವರುವ ದೇಹ. ಹತ್ತು ನಿಮಿಷಕ್ಕೆ ಬೆವರು ಕಿವಿಯಿಂದ ತೊಟ್ಟಿಕ್ಕಿತು. ಇಷ್ಟು ಸುಲಭದ ವಿದ್ಯೆಗೆ ಇಷ್ಟೊಂದು ಗತ್ತೇ ಎಂದುಕೊಂಡು ಕಲ್ಲು ಕೆಳಗಿಟ್ಟ, ಬೀಡಿ ಹಚ್ಚಿದ.

ಒಂದು ತಿಂಗಳಿಗೆ ಆ ಗೋಡೆ ಪುಡಿ ಉದುರಿಸಲು ಶುರುಮಾಡಿತು. ಮೆಟ್ಟಿಲಿಳಿಯುವಾಗ ಒರಗಿದ ಗುಮಾಸ್ತರೆಲ್ಲ ಬೆನ್ನಿಗೆ ಸುಣ್ಣ ಬಳಿದುಕೊಂಡೇ ಮನೆಗೆ ಹೋದರು. ಯಾರ ಬೆನ್ನು ಬಿಳಿಯಿದೆಯೋ ಅವರು ನೋಂದಣಿ ಕಚೇರಿಯವರು ಎಂದು ಅಂಗಡಿಯವರು ಗುರುತು ಹಿಡಿಯುತ್ತಿದ್ದರಂತೆ. ಮಾವ ಬಂದು ಗೋಡೆಯ ಮೇಲೆ ಬೆರಳಾಡಿಸಿದ, ಬೆರಳಿನ ಪುಡಿ ನೋಡಿದ.

"ಬೆವರು ಬಂದಿಲ್ಲ, ಅಳಿಯಂದ್ರೇ."

ಅಷ್ಟೇ ಅಂದಿದ್ದು. ಅಳಿಯನಿಗೆ ಮೈಯೆಲ್ಲ ಉರಿದುಹೋಯಿತು. ಮೈಮುರಿದು ದುಡಿದವನಿಗೆ ಬೆವರಿಲ್ಲ ಅನ್ನುವುದೇ? ನಾನು ಮೈಗಳ್ಳನೇ? ಆ ದಿನವೇ ಮನೆಗೆ ಬಂದು, "ನಿಮ್ಮಪ್ಪನ ಸುಣ್ಣದ ಮಾತು ಇನ್ನು ಈ ಮನೇಲಿ ಎತ್ತಬೇಡ" ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ನಿಜವಾದ ಗುಟ್ಟನ್ನು ಮುದುಕ ಮುಚ್ಚಿಟ್ಟುಕೊಂಡಿದ್ದಾನೆ, ತನಗೊಂದು ಕಣ್ಣಿಗೆ ಬೆಣ್ಣೆಯೂ ಇಲ್ಲ, ಎರಡಕ್ಕೂ ಸುಣ್ಣವೇ ಎಂದು ತೀರ್ಮಾನಿಸಿದ. ಸಿಮೆಂಟಿನ ಕಡೆ ತಿರುಗಿದ.

ಮೂರು ವರ್ಷದ ಮೇಲೆ, ಕಚೇರಿಗೆ ದೊಡ್ಡ ಅಧಿಕಾರಿ ಬರುತ್ತಾರೆಂದು ಹೆಡ್ ಗುಮಾಸ್ತರು ಗಡಿಬಿಡಿಯಲ್ಲಿದ್ದರು. ಹಜಾರದ ಗೋಡೆ ಅಲ್ಲಲ್ಲಿ ಕಿತ್ತಿತ್ತು. ಮಾವ ನಾಲ್ಕು ತಿಂಗಳು ಬೇಕೆಂದ. ಅಳಿಯ ಎಂಟು ದಿನ ಸಾಕೆಂದ. ಎಂಟೇ ದಿನದಲ್ಲಿ ಕಡಲ ಕಡೆಯ ಗೋಡೆಗೆ ಒಳಗೂ ಹೊರಗೂ ಸಿಮೆಂಟು ಬಡಿದು ಮುಗಿಸಿದ. ಮುಗಿದ ಸಂತೋಷಕ್ಕೆ ಮೂರನೇ ಕಿಟಕಿಯ ಪಕ್ಕದ ಹಸಿ ಸಿಮೆಂಟಿಗೆ ತನ್ನ ಕೈ ಒತ್ತಿದ. ಬಲಗೈ ಒತ್ತಿದ್ದರೆ ಪ್ರಪಂಚದಲ್ಲಿ ಯಾರ ಕೈಯೂ ಆಗಬಹುದಿತ್ತು. ಬಲಗೈಯಲ್ಲಿ ಕರಣೆ ಇತ್ತು, ಬೃಹಸ್ಪತಿ ಎಡಗೈ ಒತ್ತಿದ. ನಾಲ್ಕೂವರೆ ಬೆರಳು, ಚೊಕ್ಕವಾಗಿ ಮೂಡಿತು.

ಆಮೇಲಿನ ವರ್ಷಗಳಲ್ಲಿ ಗೋಡೆ ಉಬ್ಬಿದಾಗಲೆಲ್ಲ ಅವನನ್ನೇ ಕರೆಸಿ ತೇಪೆ ಹಾಕಿಸಿದರು. ಕಚೇರಿಯವರು ಬಣ್ಣದ ಮೇಲೆ ಬಣ್ಣ ಹೊಡೆಸಿದ್ದರಿಂದ ಆ ಕೈಗುರುತು ಮುಚ್ಚಿಹೋಯಿತು. ಮಾವ ತೀರಿಕೊಂಡ. ಇಷ್ಟೇ ಕಥೆ. ಎಂಜಿನಿಯರಮ್ಮನಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ, ಗೊತ್ತಾದ ದಿನ ಇಷ್ಟು ವರ್ಷದ ಮೇಸ್ತ್ರಿಗಿರಿ ಮಣ್ಣುಪಾಲು.

ಹಾಗಾಗಿ ಅವನ ಮೊದಲ ಯೋಜನೆ ಸರಳವಾಗಿತ್ತು. ಸಿಮೆಂಟು ಕೆತ್ತುವಾಗ ಮೂರನೇ ಕಿಟಕಿಯ ಪಕ್ಕವನ್ನು ತಾನೇ ಕೆತ್ತುವುದು, ಸಾಕ್ಷಿಯನ್ನು ಪುಡಿಮಾಡಿ ಕಸದ ಜೊತೆ ಸಾಗಿಸುವುದು. "ಆ ಮೂಲೆಗೆ ಯಾರೂ ಕೈಹಾಕಬೇಡಿ, ಅದು ಸೂಕ್ಷ್ಮದ ಜಾಗ" ಎಂದು ಕೆಲಸದವರಿಗೆ ಹೇಳಿದ. ಕೆಲಸದವರು ನಾಲ್ಕು ಜನ, ಎಲ್ಲರೂ ಅವನ ಜೊತೆ ತಲೆ ನರೆತವರು. ತಲೆಯಾಡಿಸಿದರು. ಮೇಸ್ತ್ರಿ ಎರಡು ಸಲ ಉಳಿ ಹಿಡಿದು ಆ ಮೂಲೆಗೆ ಹೋದ. ಎರಡು ಸಲವೂ ಬಣ್ಣದ ಕೆಳಗೆ ಕೈಯ ತಗ್ಗು ಬೆರಳಿಗೆ ಸಿಕ್ಕಿತು. ಎರಡು ಸಲವೂ ವಾಪಸು ಬಂದ. ಊರಲ್ಲಿ ಅವನು ಸಾವಿರ ಗೋಡೆ ಎಬ್ಬಿಸಿದ್ದಾನೆ, ಯಾವುದರ ಮೇಲೂ ಅವನ ಹೆಸರಿಲ್ಲ. ಭೂಮಿಯ ಮೇಲೆ ಅವನ ಗುರುತೆಂದು ಇರುವುದು ಇದೊಂದೇ, ಅದೂ ಒಂದು ಪಾಪದ ಮೇಲೆ. ಅದನ್ನು ಒಡೆಯಲು ಮನಸ್ಸು ಬರಲಿಲ್ಲ. ಎಂಥ ಜನ್ಮವಪ್ಪಾ ಇದು ಎಂದು ತನ್ನನ್ನೇ ಬೈದುಕೊಂಡ.

ಇತ್ತ ಸುಣ್ಣ ಕಾದಿತ್ತು. ಎಂಜಿನಿಯರಮ್ಮ ಆರು ತಿಂಗಳ ಮೊದಲೇ ಗುಂಡಿಯಲ್ಲಿ ಹದ ಮಾಡಿಸಿಟ್ಟಿದ್ದಳು, ಬೆಣ್ಣೆಯಂತಿತ್ತು. ಮೇಸ್ತ್ರಿ ಏಳನೇ ಕಿಟಕಿಯ ಕೆಳಗೆ ಒಂದು ಮಂಚದಗಲದ ಜಾಗಕ್ಕೆ ಮಾದರಿ ಹಾಕಿದ. ಪದರದ ಮೇಲೆ ಪದರ, ಕೊನೆಗೆ ಕಲ್ಲಿನಿಂದ ತಿಕ್ಕುವುದು. ಬೆವರಿದ, ನಿಲ್ಲಿಸಿದ. ಹದಿನೈದು ದಿನ ಬಿಟ್ಟು ಎಂಜಿನಿಯರಮ್ಮ ತನ್ನ ನೀಲಿ ಅಂಗಿಯ ತೋಳನ್ನು ಗೋಡೆಗೆ ಒರೆಸಿದಳು. ತೋಳು ಬಿಳಿಯಾಯಿತು. ಎರಡನೇ ಸಲ ಹಾಕಿದ. ಈ ಸಲ ಇಪ್ಪತ್ತು ನಿಮಿಷ ತಿಕ್ಕಿದ, ಬನಿಯನ್ ತೆಗೆದು ಹಿಂಡಿದ. ಮತ್ತೆ ಹದಿನೈದು ದಿನ, ಮತ್ತೆ ತೋಳು ಬಿಳಿ.

"ಮೇಸ್ತ್ರಿ, ಇನ್ನೊಂದೇ ಸಲಕ್ಕೆ ಸಮಯ ಇರೋದು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವಿತ್ತು. ಸಿಟ್ಟಾದರೆ ತಡೆದುಕೊಳ್ಳಬಹುದಿತ್ತು.

ಅಂದು ಸಂಜೆ ಮನೆಗೆ ಬಂದವನು ಅಡುಗೆಮನೆಯ ಹೊಸಿಲ ಮೇಲೆ ಕುಸಿದು ಕುಳಿತ. ಹೆಂಡತಿ ಬೆಳ್ಳುಳ್ಳಿ ಜಜ್ಜುತ್ತಿದ್ದಳು.

"ನಿಮ್ಮಪ್ಪ ದೊಡ್ಡ ಮನುಷ್ಯ ಕಣೇ" ಎಂದ. "ಗುಟ್ಟನ್ನ ಜೊತೇಲೇ ತಗೊಂಡು ಹೋದ. ಅಳಿಯ ಹಾಳಾಗಿ ಹೋಗ್ಲಿ ಅಂತ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಅಪ್ಪ ಹೇಳಿದ ಹಾಗೆ ಮಾಡಿದ್ರಾ?"

"ಮಾಡ್ದೆ."

"ಬೆವರು ಬರೋ ತನಕ ತಿಕ್ಕಿದ್ರಾ?"

"ತಿಕ್ಕಿದೆ ಕಣೇ ಮಹಾತಾಯಿ! ಬನೀನು ಹಿಂಡಿದ್ರೆ ಅರ್ಧ ಬಕೆಟ್ ಬಂತು!"

ಅವಳ ಕೈ ನಿಂತಿತು. "ಬನೀನಾ?"

"ಮತ್ತಿನ್ನೇನು?"

"ಗೋಡೆಗೂ ನಿಮ್ಮ ಬನೀನಿಗೂ ಏನ್ರೀ ಸಂಬಂಧ?"

"ಬೆವರು ಬರೋ ತನಕ ಅಂದ್ರಲ್ಲ ನಿಮ್ಮಪ್ಪ!"

ಅವಳು ಅವನ ಮುಖವನ್ನೇ ನೋಡಿದಳು. ನೋಡಿ ನೋಡಿ ಕಣ್ಣು ಅಗಲವಾಯಿತು.

"ಅಯ್ಯೋ ನನ್ನ ಕರ್ಮವೇ! ನಿಮಗಲ್ಲಾ ರೀ! ಗೋಡೆಗೆ! ಗೋಡೆಗೆ ಬೆವರು ಬರೋ ತನಕ!"

ಕಲ್ಲಿನಿಂದ ಎಡೆಬಿಡದೆ ತಿಕ್ಕಿದರೆ ಒಳಗಿನ ನೀರು ಮೇಲಕ್ಕೆ ಬರುತ್ತದೆ, ಗೋಡೆಯ ಮೇಲೆ ಸಣ್ಣ ಸಣ್ಣ ಹನಿ ಮೂಡುತ್ತದೆ, ಅಲ್ಲಿಯ ತನಕ ನಿಲ್ಲಿಸುವಂತಿಲ್ಲ ಎಂದು ಅವಳು ಹೇಳಿದಳು. ಮೂರು ಗಂಟೆ, ಕೆಲವು ಸಲ ನಾಲ್ಕು. ಹೇಳುತ್ತ ಹೇಳುತ್ತ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. "ಮೂವತ್ತನಾಲ್ಕು ವರ್ಷ! ತಾನು ಬೆವರಬೇಕು ಅಂದುಕೊಂಡಿದ್ದಾರೆ!" ಅವನೂ ನಕ್ಕ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವನ ನಗು ನಿಂತಿತು.

ಮುದುಕ ಏನನ್ನೂ ಮುಚ್ಚಿಟ್ಟಿರಲಿಲ್ಲ. ಇದ್ದ ಗುಟ್ಟನ್ನೆಲ್ಲ ಒಂದೇ ಮಾತಿನಲ್ಲಿ ಕೈಗಿಟ್ಟಿದ್ದ. "ಯಾರಿಗೆ?" ಎಂಬ ಮೂರಕ್ಷರ ತಾನು ಕೇಳಿದ್ದರೆ ಮಾವನ ಮೇಲೆ ಮುನಿಸಿಲ್ಲ, ಸಿಮೆಂಟಿಲ್ಲ, ಆ ಗೋಡೆಗೆ ಈ ಗತಿಯಿಲ್ಲ. ಕೊನೆಗಾಲದಲ್ಲಿ ಮಾವ ಹಾಸಿಗೆ ಹಿಡಿದಾಗಲೂ ಅವನು ಬಾಗಿಲಲ್ಲೇ ನಿಂತು ಮಾತಾಡಿಸಿ ಬಂದಿದ್ದ.

"ನೀನಾದ್ರೂ ಹೇಳಬಾರದಿತ್ತಾ?"

"ಸುಣ್ಣದ ಮಾತು ಎತ್ತಬೇಡ ಅಂದೋರು ಯಾರು? ಮದುವೆಗೆ ಮುಂಚೆ ಹತ್ತು ವರ್ಷ ಅಪ್ಪನ ಜೊತೆ ಅದೇ ಹಜಾರದಲ್ಲಿ ಕಲ್ಲು ತಿಕ್ಕಿದೋಳು ನಾನು. ಮೇಸ್ತ್ರಿ ಹೆಂಡತಿ ಗೋಡೆ ತಿಕ್ಕೋದು ಚೆನ್ನಾಗಿರಲ್ಲ ಅಂದೋರು ಯಾರು?"

ಉತ್ತರ ಗೊತ್ತಿದ್ದ ಪ್ರಶ್ನೆಗಳು. ಅವನು ತಲೆ ತಗ್ಗಿಸಿದ. ಕಣ್ಣಿಗೆ ಬಿದ್ದದ್ದು ಅವಳ ಕೈಯಲ್ಲಿದ್ದ ಕಲ್ಲು. ಅಂಗೈಯಗಲದ ನುಣುಪು ಕರಿಕಲ್ಲು. ಇಷ್ಟು ವರ್ಷ ಮಾವನ ಕಲ್ಲಿನಿಂದ ಜಜ್ಜಿದ ಬೆಳ್ಳುಳ್ಳಿ ತಿಂದುಕೊಂಡೇ ಅವನು ಮಾವನನ್ನು ಬೈದಿದ್ದ.

ಮರುದಿನ ಅವಳು ಆ ಕಲ್ಲನ್ನು ಉಜ್ಜಿ ತೊಳೆದು ಚೀಲದಲ್ಲಿಟ್ಟುಕೊಂಡು ಅವನ ಹಿಂದೆಯೇ ಹೊರಟಳು. ಹಜಾರದಲ್ಲಿ ಎಂಜಿನಿಯರಮ್ಮ ಎದುರಾದಾಗ ಮೇಸ್ತ್ರಿಯ ಬಾಯಿ ಮತ್ತೆ ಮುಂದೋಡಿತು.

"ನಮ್ಮನೆಯವಳು ಮೇಡಂ. ಊಟ ತಂದಿದ್ದಾಳೆ."

"ಹತ್ತೂವರೆಗೇ?"

ಹೆಂಡತಿ ಅವನನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಮುಂದೆ ಕುಳಿತಳು. ಹದಿನೈದು ದಿನ ಅವಳೇ ಎದುರು ನಿಂತು ಪದರ ಪದರವಾಗಿ ಹಾಕಿಸಿದಳು. ಕೊನೆಯ ಪದರ ಹಚ್ಚಿದ ದಿನ ಕಲ್ಲು ಹಿಡಿದಳು. ಒಂದು ಗಂಟೆ, ಎರಡು ಗಂಟೆ. ಐವತ್ತೆಂಟರ ಹೆಂಗಸಿನ ತೋಳು ಒಂದೇ ಲಯದಲ್ಲಿ ಮೇಲೆ ಕೆಳಗೆ ಹೋಗುತ್ತಿತ್ತು. ನಾಲ್ಕು ಜನ ಕೆಲಸದವರೂ ಕೆಲಸ ಬಿಟ್ಟು ನಿಂತರು. ಮೇಸ್ತ್ರಿ ಬೀಸಣಿಗೆ ಹಿಡಿದು ಅವಳಿಗೆ ಗಾಳಿ ಹಾಕಿದ. ಮೂರು ಗಂಟೆ ದಾಟಿದ ಮೇಲೆ ಅವಳು ಕೈ ನಿಲ್ಲಿಸಿದಳು.

"ಬನ್ನಿ, ಬಂತು."

ಗೋಡೆಯ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಒಂದೊಂದಾಗಿ ಮೂಡುತ್ತಿದ್ದವು. ಮೇಸ್ತ್ರಿ ಅರ್ಧ ಬೆರಳಿನಿಂದ ಮುಟ್ಟಿ ನೋಡಿದ. ತಣ್ಣಗಿತ್ತು. ಬಗ್ಗಿದಾಗ ಆ ನುಣುಪಿನಲ್ಲಿ ಮಸುಕಾಗಿ ಒಂದು ಮುಖ ಕಂಡಿತು, ಇಂಗು ತಿಂದ ಮಂಗನದು. ಗುರುತು ಹಿಡಿಯಲು ಕಷ್ಟವಾಗಲಿಲ್ಲ.

"ಮೇಡಂ" ಎಂದ, "ಇವಳು ಊಟ ತಂದಿದ್ದಲ್ಲ. ವಿದ್ಯೆ ತಂದಿದ್ದು. ಸುಣ್ಣದ ಕೆಲಸ ನನಗೆ ಬರಲ್ಲ, ಬರುತ್ತೆ ಅಂತ ಸುಳ್ಳು ಹೇಳಿದ್ದೆ."

ಎಂಜಿನಿಯರಮ್ಮ ಅವನ ಕಡೆ ತಿರುಗಲೂ ಇಲ್ಲ, ಗೋಡೆಯ ಮುಂದೆ ಮಂಡಿಯೂರಿ ಕುಳಿತಿದ್ದಳು. ಅರ್ಧ ಸತ್ಯ ಹೇಳಿದರೂ ಅರ್ಧ ಪುಣ್ಯ ಬರುತ್ತದೆಂದು ಅವನು ಸಮಾಧಾನ ಮಾಡಿಕೊಂಡ. ಇನ್ನರ್ಧ ಮೂರನೇ ಕಿಟಕಿಯ ಪಕ್ಕ ಬಣ್ಣದ ಕೆಳಗಿತ್ತು.

ಟ್ರಸ್ಟಿನ ಹಿರಿಯರು ಬಂದರು, ಗೋಡೆಗೆ ತೋಳು ಒರೆಸಿದರು, ತೋಳು ನೋಡಿಕೊಂಡರು. ಹಜಾರ ಉಳಿಯಿತು. ಮೇಸ್ತ್ರಿ ಇನ್ನು ನಿಶ್ಚಿಂತೆ ಎಂದುಕೊಳ್ಳುವಷ್ಟರಲ್ಲಿ ಎಂಜಿನಿಯರಮ್ಮ ಹೇಳಿದಳು:

"ಇಂಥ ಕಟ್ಟಡದಲ್ಲಿ ಒಂದು ನಿಯಮ ಇದೆ ಮೇಸ್ತ್ರಿ. ಹಿಂದೆ ಏನೇನು ಮಾಡಿದ್ರೋ ಅದರದ್ದೆಲ್ಲ ಒಂದೊಂದು ತುಂಡು ಸಾಕ್ಷಿಗೆ ಉಳಿಸ್ಕೋಬೇಕು. ತಪ್ಪು ಮಾಡಿದ್ದನ್ನೂ. ಸಿಮೆಂಟಿನದ್ದು ಒಂದು ಚೌಕ ಉಳಿಸೋಣ. ಎಲ್ಲ ಕಡೆ ಕೆತ್ತಿಯಾಗಿದೆ, ಮೂರನೇ ಕಿಟಕಿ ಪಕ್ಕದ್ದು ಮಾತ್ರ ನೀವು ಎಷ್ಟು ಜೋಪಾನವಾಗಿ ಇಟ್ಟಿದ್ದೀರಿ! ಅದೇ ಇರಲಿ. ಮೇಲಿನ ಬಣ್ಣ ತೆಗೀರಿ."

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಎಂದರೆ ಇದೇ. ಬೆರಳಿನ ಮೇಲೆ ಒಮ್ಮೆ ಹಾಕಿಕೊಂಡು ಅಭ್ಯಾಸವಿತ್ತಲ್ಲ!

ಕೆಲಸದವರಲ್ಲಿ ಒಬ್ಬ ಬಣ್ಣ ಕೆರೆಯತೊಡಗಿದ. ಹಳದಿ ಹೋಯಿತು, ಹಸಿರು ಹೋಯಿತು, ಬೂದಿ ಬಣ್ಣ ಹೋಯಿತು. ಮೊದಲು ಹೆಬ್ಬೆರಳು ಬಂತು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ತೋರುಬೆರಳು ಅರ್ಧಕ್ಕೇ ನಿಂತಿತು. ಕೆರೆಯುತ್ತಿದ್ದವನ ಕೈಯೂ ನಿಂತಿತು. ನಾಲ್ಕು ಜನ ಕೆಲಸದವರೂ ಮರ್ಯಾದಸ್ಥರು, ಒಬ್ಬ ಕಡಲು ನೋಡಿದ, ಒಬ್ಬ ತೊಲೆ ನೋಡಿದ, ಇಬ್ಬರು ಕೆಮ್ಮಿದರು. ಹೆಂಡತಿ ಮಾತ್ರ ನೇರವಾಗಿ ಗಂಡನನ್ನು ನೋಡಿದಳು.

ಎಂಜಿನಿಯರಮ್ಮ ಗೋಡೆಯ ಬೆರಳುಗಳನ್ನು ಎಣಿಸಿದಳು. ತಿರುಗಿ ಮೇಸ್ತ್ರಿಯ ಜೇಬನ್ನು ನೋಡಿದಳು.

ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಅವನು ಇನ್ನೂ ಏನಾದರೂ ಹೇಳಬಹುದಿತ್ತು. ಬಾಯಿಗೇನು ಬರವೇ? ಆದರೆ ಆ ಹೊತ್ತಿಗೆ, ಬೆರಳಿನ ಪುಡಿ ನೋಡುತ್ತ ನಿಂತಿದ್ದ ಮಾವನ ಬಿಳಿ ಹುಬ್ಬು ಕಣ್ಣೆದುರು ಬಂತು. ಜೇಬಿನಿಂದ ಕೈ ತೆಗೆದ. ಗೋಡೆಯ ಕೈಯ ಮೇಲೆ ಇಟ್ಟ. ಗೆಣ್ಣು ದಪ್ಪವಾಗಿತ್ತು, ಆದರೂ ಸರಿಯಾಗಿ ಕೂತಿತು.

"ಆ ಪುಣ್ಯಾತ್ಮ ನಾನೇ ಮೇಡಂ."

ಅವಳ ಮುಖ ಕೆಂಪಗಾಯಿತು. "ಇಷ್ಟು ವರ್ಷ ಉಪ್ಪು ತಿಂದಿದೆ ಮೇಸ್ತ್ರಿ ಈ ಗೋಡೆ. ಇನ್ನೆರಡು ಮಳೆಗಾಲ ಕಳೆದಿದ್ರೆ ಬಿದ್ದೇ ಹೋಗ್ತಿತ್ತು. ಮೊದಲನೇ ದಿನಾನೇ ಹೇಳೋಕೆ ಏನಾಗಿತ್ತು ನಿಮಗೆ?"

"ಹೆದರಿಕೆ ಆಗಿತ್ತು" ಎಂದ. ಜೀವನದಲ್ಲಿ ಮೊದಲ ಸಲ ತಮಾಷೆ ಸೇರಿಸದೆ ಹೇಳಿದ. "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ಉಪ್ಪು ತಿಂದಿದ್ದು ಗೋಡೆ, ನೀರು ಕುಡೀಬೇಕಾದವನು ನಾನು. ಬಿಟ್ಟು ಹೋಗು ಅಂದ್ರೆ ಈಗಲೇ ಹೋಗ್ತೀನಿ."

"ಹೋಗಿ ಏನು ಮಾಡ್ತೀರಿ?" ಎಂದಳು ಎಂಜಿನಿಯರಮ್ಮ. "ಕೆಡಿಸಿದ ಗೋಡೆ ಇಲ್ಲಿದೆ. ಆದರೆ ಇವತ್ತಿಂದ ಇಲ್ಲಿ ಮೇಸ್ತ್ರಿ ನೀವಲ್ಲ." ಅವನ ಹೆಂಡತಿಯ ಕಡೆ ತಿರುಗಿದಳು. "ಮೇಸ್ತ್ರಿಯಮ್ಮಾ, ನಿಮಗೆ ಕೈಯಾಳು ಬೇಕಾ?"

"ಬೇಕು. ಆದರೆ ಹತ್ತೂವರೆಗೆ ಬರೋರು ಬೇಡ" ಎಂದಳು ಮೇಸ್ತ್ರಿಯಮ್ಮ.

ಆಳಾಗಬಲ್ಲವನು ಅರಸಾಗಬಲ್ಲ ಎನ್ನುತ್ತಾರೆ. ಅರಸಾಗಿ ಮೆರೆದು ಆಮೇಲೆ ಆಳಾದವನ ಬಗ್ಗೆ ಗಾದೆ ಇಲ್ಲ, ಇದ್ದಿದ್ದರೆ ಅವನೇ ಮೊದಲು ಹೇಳಿಕೊಂಡು ನಗುತ್ತಿದ್ದ. ಮುಂದಿನ ಒಂದೂವರೆ ವರ್ಷ ಅವನು ಸುಣ್ಣ ಹೊತ್ತ, ನೀರು ಹೊತ್ತ, ಬೆಳಿಗ್ಗೆ ಎಂಟಕ್ಕೇ ಬಂದ. ಊರಿನವರು ಒಂಬತ್ತೂವರೆ ಎನ್ನುವುದನ್ನು ಬಿಟ್ಟು ಮೇಸ್ತ್ರಿಯಮ್ಮನ ಯಜಮಾನರು ಎನ್ನತೊಡಗಿದರು. ಸಾಕ್ಷಿಯ ಚೌಕಕ್ಕೆ ಗಾಜು ಹಾಕಿ ಕೆಳಗೊಂದು ಫಲಕ ಇಟ್ಟರು. ಏನು ಬರೆಯಬೇಕೆಂದು ಎಂಜಿನಿಯರಮ್ಮ ಕೇಳಿದಾಗ ಅವನೇ ಹೇಳಿ ಬರೆಸಿದ: 'ಕೇಳಿ ತಿಳಿದುಕೊಳ್ಳದೆ ಎಂಟು ದಿನದಲ್ಲಿ ಮಾಡಿದ ಕೆಲಸ.'

ಕೊನೆಯ ಗೋಡೆ ಉಳಿದಿತ್ತು, ಮೆಟ್ಟಿಲ ಪಕ್ಕದ್ದು. ಅವನು ಮೊದಲು ಕೆಡಿಸಿದ್ದು. ಆ ಗೋಡೆಯನ್ನು ತಾನೇ ತಿಕ್ಕುತ್ತೇನೆಂದು ಹೆಂಡತಿಯನ್ನು ಬೇಡಿಕೊಂಡ. ಅವಳು ಕಲ್ಲು ಕೊಟ್ಟು ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಸುಣ್ಣ ಹಸಿಯಾಗಿತ್ತು.

"ಶುರು ಮಾಡೋ ಮುಂಚೆ ಈ ಮೂಲೇಲಿ ನಿನ್ನ ಕೈ ಒತ್ತೇ" ಎಂದ. "ನನ್ನದು ಅಲ್ಲಿ ಗಾಜಿನೊಳಗೆ ಕೂತಿದೆ. ಈ ಮನೆ ಉಳಿಸಿದೋಳು ನೀನು. ನಿನ್ನದೂ ಒಂದಿರಲಿ."

ಅವಳು ಬೇಡವೆಂದು ತಲೆಯಾಡಿಸಿದಳು. "ನಮ್ಮಪ್ಪ ಈ ಮನೇಲಿ ಅಷ್ಟು ಗೋಡೆ ಮಾಡಿದ್ರು. ಒಂದರ ಮೇಲಾದ್ರೂ ಕೈ ಇದೆಯಾ? ಗೋಡೆ ನಿಂತಿದೆಯಲ್ಲ ರೀ, ಅದೇ ಸಾಕು."

ಅವನು ತಿಕ್ಕತೊಡಗಿದ. ಹತ್ತು ನಿಮಿಷಕ್ಕೆ ಬೆವರಿದ, ನಿಲ್ಲಿಸಲಿಲ್ಲ. ಒಂದು ಗಂಟೆ, ಎರಡು ಗಂಟೆ. ತೋಳು ಸೋತಿತು. ಇಲ್ಲೇ ನಿಂತು ಮಾವ ಹೇಳಿದ ಮಾತು ಕಿವಿಯಲ್ಲಿತ್ತು, ಬೆವರು ಬರೋ ತನಕ ತಿಕ್ಕಿ, ಅಳಿಯಂದ್ರೇ. ಗೋಡೆಗೆ ಹಣೆ ತಾಗುವಷ್ಟು ಬಗ್ಗಿದ್ದ, ಒಂದು ಹನಿ ಕಣ್ಣೆದುರೇ ನುಣುಪಿನ ಮೇಲೆ ಇಳಿಯಿತು.

"ನೋಡೇ" ಎಂದ, ದನಿ ಒಡೆದಿತ್ತು. "ಬಂತು, ಬೆವರು ಬಂತು!"

ಅವಳು ಎದ್ದು ಬಂದು ಗೋಡೆ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು.

"ಇದು ಗೋಡೇದಲ್ಲ ರೀ. ಇನ್ನೂ ತಿಕ್ಕಿ."